ಬುಗ್ಗೆ ತೋಳಿನ ಪರವಾಗಿ

ಮಲಾಡ್ ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ವಿಜಯಪುರದ ಟೇಲರ್ ಮೌಶಿ, ನಾನು ಬಾಯಿ ತೆರೆದಾಗಲೆಲ್ಲ ಕೊರಳಿನ ಟೇಪ್ ಎಳೆದು, "ವಾದಾ ಆಮ್ಯಾಲ, ಮೊದ್ಲ ಕೈ ಎತ್ತು" ಅನ್ನುತ್ತಿದ್ದರು. ಹಾಗೆ ಕೈ ಎತ್ತಿ ನಿಂತವರು ವಾದ ಗೆದ್ದ ಉದಾಹರಣೆ ನನಗೆ ಗೊತ್ತಿಲ್ಲ.

ಅಕ್ಕನ ಮದುವೆಗೆ ನಾನು ಅಮ್ಮನ ಬುಗ್ಗೆ ತೋಳಿನ ರೇಷ್ಮೆ ರವಿಕೆಯನ್ನೇ ತೊಡಬೇಕೆಂದು ಅಮ್ಮನ ಹಟ. ಅದು ಎಂಬತ್ತರ ದಶಕದ್ದು. ನನ್ನ ತೋಳು ಅದರೊಳಗೆ ಹೋಗುತ್ತಲೇ ಇರಲಿಲ್ಲ. ಮದುವೆಗೆ ಎರಡೇ ದಿನ ಉಳಿದಾಗ ಅದನ್ನು ಮೌಶಿಯ ಬಳಿ ತಂದೆ.

"ಎಂಬತ್ತರದು ಫ್ಯಾಷನ್ನಿನ ಅತಿ ಕೆಟ್ಟ ದಶಕ, ಮೌಶಿ. ನಿಮಗೆಲ್ಲ ಇಷ್ಟ ಆಗಿದ್ದು ಬಟ್ಟೆ ಅಲ್ಲ, ನಿಮ್ಮ ಆಗಿನ ವಯಸ್ಸು," ಎಂದೆ.

"ಹೌದಲ್ಲ, ಆಗ ನನಗ ಸೊಂಟಾನೂ ಇತ್ತು," ಎಂದು ಒಪ್ಪಿಕೊಳ್ಳುತ್ತಲೇ ಅವರು ತೋಳಿನ ಪಟ್ಟಿ ಬಿಚ್ಚಿದರು. ಬುಗ್ಗೆಯ ನೆರಿಗೆಗಳು ಹರಡಿಕೊಂಡು ಗೇಣಗಲ ರೇಷ್ಮೆ ಹೊರಬಂತು. "ನೋಡು, ಬುಗ್ಗಿ ಅಂದ್ರ ಕೂಡಿಟ್ಟ ಅರಿವಿ. ನಿಮ್ಮ ಈಗಿನ ತೋಳಿಲ್ಲದ ಬ್ಲೌಸಿನ್ಯಾಗ ನಾ ಏನ್ ಬಿಚ್ಚಲಿ?"

ನಾನು ಮತ್ತೆ ಕೈ ಎತ್ತಿ ನಿಂತೆ. ಸಂಜೆಯೊಳಗೆ ರವಿಕೆ ನನಗೆ ಸರಿಯಾಯಿತು. ಆದರೆ ಭುಜದ ಮೇಲೆ ಚಿಕ್ಕದೊಂದು ಬುಗ್ಗೆ ಇನ್ನೂ ಉಳಿದಿತ್ತು. ಅದೇಕೆ ಎಂದು ಕೇಳಿದೆ.

"ಎಲ್ಲಾ ಬಿಚ್ಚಿಲ್ಲ," ಎಂದರು ಮೌಶಿ. "ನಾಳಿ ನಿನಗ ಹುಟ್ಟೋ ಮಗಳ ತೋಳು ಎಷ್ಟ್ ದಪ್ಪ ಇರ್ತಾವೋ ಯಾರಿಗ್ ಗೊತ್ತು."