ಚುಕ್ಕಿ ಸಾಹೇಬರು
ರೋಗ ಬಿದ್ದ ಮರಗಳನ್ನು ಹುಡುಕಿ ಫೋನಿನ ನಕ್ಷೆಯಲ್ಲಿ ಗುರುತು ಹಾಕುವುದೇ ಕೆಲಸವಾದ್ದರಿಂದ ಬೀದಿಯವರೆಲ್ಲ ಅವರನ್ನು ಚುಕ್ಕಿ ಸಾಹೇಬರೆಂದೇ ಕರೆಯುತ್ತಾರೆ. ನಡೆಯುವಾಗ ಅವರ ಕಣ್ಣು ಸದಾ ರೆಂಬೆಗಳ ಮೇಲೆ. ಹಾಗಾಗಿ ಎಡವದ ಕಲ್ಲಿಲ್ಲ, ಬೀಳದ ಗುಂಡಿಯಿಲ್ಲ. ಕಾಂಡವನ್ನು ಬೆರಳಗಂಟಿನಿಂದ ಬಡಿದು, ಕಿವಿಯಿಟ್ಟು, “ಎಷ್ಟು ದಿನದಿಂದ ಹೀಗೆ?” ಎಂದು ಮರವನ್ನೇ ವಿಚಾರಿಸುತ್ತಾರೆ. ಟೊಳ್ಳು ಸದ್ದು ಬಂದರೆ ಅದಕ್ಕೆ ಎದೆಯೊತ್ತಿ ನಿಲ್ಲುತ್ತಾರೆ, ಏಕೆಂದರೆ ಟಿಂಗ್ ಎಂದು ಕೆಂಪು ಚುಕ್ಕಿ ಬೀಳುವುದು ಅಂಗಿಜೇಬಿನ ಫೋನು ಇರುವ ಜಾಗಕ್ಕೆ. ಎರಡು ತಿಂಗಳೊಳಗೆ ಗರಗಸದವರು ಬರುತ್ತಾರೆ. ಬಿದ್ದ ಚುಕ್ಕಿಯನ್ನು ಅಳಿಸಲು ಕಡಿದಾಯಿತೆಂದು ಒತ್ತುವುದೊಂದೇ ದಾರಿ. ಮನೆಯಲ್ಲೂ ಕಪಾಟು, ಬಾಗಿಲು ಎಲ್ಲವನ್ನೂ ಬಡಿದು ನೋಡುವ ಚಾಳಿ ಅವರದು. “ರೀ, ಅದು ಬಾಗಿಲು, ನಿಮ್ಮ ರೋಗಿ ಅಲ್ಲ” ಎಂದು ಹೆಂಡತಿ ರೇಗುತ್ತಾರೆ. ಆದರೆ ತಿಂಗಳಿಂದೀಚೆಗೆ ಸಾಹೇಬರು ಫೋನನ್ನು ಮಾತ್ರ ಒಳಗೆ ತರುವುದಿಲ್ಲ, ಹೊರಗೆ ಚಪ್ಪಲಿಗಳ ಪಕ್ಕ ಇಡುತ್ತಾರೆ. “ಕಳ್ಳರು ಹೊತ್ಕೊಂಡು ಹೋದ್ರೆ?” ಎಂದರೆ, “ಹೋಗ್ಲಿ ಬಿಡೇ” ಅನ್ನುತ್ತಾರೆ. ಕಾರಣ ಆಕೆಗೆ ಗೊತ್ತಿಲ್ಲ. ಅವತ್ತು ಮಗಳು ಓಡಿಬಂದು ತಬ್ಬಿಕೊಂಡಾಗ ಅಂಗಿಜೇಬಿನಲ್ಲಿದ್ದ ಫೋನು ಟಿಂಗ್ ಎಂದಿತ್ತು. ತೆಗೆದು ನೋಡಿದರೆ ಅವರ ಮನೆಯ ಮೇಲೇ ಕೆಂಪು ಚುಕ್ಕಿ. “ಏನಪ್ಪಾ ಅದು?” ಎಂದಳು ಮಗಳು. “ಏನಿಲ್ಲ ಪುಟ್ಟಿ, ತಪ್ಪಿ ಒತ್ತಿಹೋಯ್ತು” ಎಂದರು. ಅಂದಿನಿಂದ ಪ್ರತಿ ಬೆಳಿಗ್ಗೆ, ಮಲಗಿರುವ ಮಗಳ ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳುತ್ತಾರೆ. ಆಮೇಲೆ ಹೊರಗೆ ಬಂದು, ಚಪ್ಪಲಿಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು, ಫೋನು ದಿನವೂ ಕೇಳುವ “ಕಡಿದಾಯಿತೇ?” ಎಂಬ ಪ್ರಶ್ನೆಗೆ “ಇಲ್ಲ” ಎಂದು ಒತ್ತುತ್ತಾರೆ.