ಲಕ್ಕಣ್ಣನ ಭಾನುವಾರದ ಕುಡುಗೋಲು

ನಮ್ಮೂರಲ್ಲಿ ಚಳಿಗಾಲದ ಆಟ ಅಂತ ಇದ್ದದ್ದು ಒಂದೇ. ರಾಗಿ ಕೊಯ್ಲು ಮುಗಿದ ಮೇಲೆ ಕಣದ ಪಕ್ಕ ಬೆಂಕಿ ಹಾಕಿ, ಕಂಬಳಿ ಹೊದ್ದು ಕೂತು, ಅಲ್ಲಿ ಇಲ್ಲದವರ ವಿಚಾರ ಮಾತಾಡುವುದು. ಈ ಆಟದಲ್ಲಿ ಹುಣಸಮಾರನಹಳ್ಳಿ ಸುತ್ತಿನ ಯಾವ ಊರೂ ನಮ್ಮನ್ನು ಸೋಲಿಸಿದ್ದಿಲ್ಲ. ಮಧ್ಯದಲ್ಲಿ ಎದ್ದು ಹೋಗುವುದು ಮಾತ್ರ ಅಪಾಯ. ಎದ್ದು ಹೋದವನದೇ ಮುಂದಿನ ಸರದಿ.

ಇಂಥ ಊರಲ್ಲಿ ಹುಟ್ಟಿದ ಲಕ್ಕಣ್ಣ ನಾರ್ವೆ ದೇಶದ ಆಸ್ಲೊ ಎಂಬ ಊರಿಗೆ ಹೋಗಿ, ಅಲ್ಲಿಯ ಚಳಿಗಾಲದ ಆಟ ಕಲಿತು ಬಂದ. ಅವನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಲಕ್ಕಣ್ಣ ನನ್ನ ಪಕ್ಕದ ಮನೆಯವನು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಯಲಹಂಕದವರೆಗೆ ಸೈಕಲ್ಲು, ಅಲ್ಲಿಂದ ರೈಲು. ೧೯೬೦ರಲ್ಲಿ ಅವರ ಕಾರ್ಖಾನೆಗೆ ಆಸ್ಲೊದಿಂದ ಒಂದು ಮಿಷನ್ ಬರುವುದಿತ್ತು. ಅದನ್ನು ಬಿಚ್ಚಿ ಜೋಡಿಸಲು ಕಲಿಯುವುದಕ್ಕೆ ಒಬ್ಬರು ಅಲ್ಲಿಗೆ ಹೋಗಬೇಕಿತ್ತು. ಫಾರಿನ್ ಎಂದ ಕೂಡಲೆ ಸಾಹೇಬರೆಲ್ಲ ಸೂಟು ಹೊಲಿಸಲು ಹಾಕಿದರು. ಹೋಗಬೇಕಾದದ್ದು ಡಿಸೆಂಬರಿನಲ್ಲಿ, ಅಲ್ಲಿ ಆಗ ಮಧ್ಯಾಹ್ನ ಮೂರೂವರೆಗೇ ಕತ್ತಲು, ನೀರೆಲ್ಲ ಕಲ್ಲಾಗಿರುತ್ತದೆ ಎಂದು ಗೊತ್ತಾದ ಮೇಲೆ ಎಲ್ಲರ ತಾಯಿಯರಿಗೂ ಒಟ್ಟಿಗೆ ಕಾಯಿಲೆ ಬಂತು. ಹಾಗಾಗಿ ದೇಶದ ಗೌರವ ಉಳಿಸುವ ಭಾರ ಲಕ್ಕಣ್ಣನ ಹೆಗಲಿಗೆ ಬಿತ್ತು. ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಹೆಂಡತಿ ಪಟಾಲಮ್ಮನಿಗೆ ಹೋಗಿಬರ್ತೀನಿ ಅಂತ ಹೇಳಲು ಕೂಡ, ಮನೆ ತುಂಬ ಜನರ ನಡುವೆ, ಅವನಿಗೆ ಜಾಗ ಸಿಗಲಿಲ್ಲವಂತೆ.

ಆಸ್ಲೊದಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಅವನಿಗೆ ಬಾಡಿಗೆ ಕೋಣೆ ಕೊಟ್ಟಿದ್ದರು. ಮೊದಲ ಭಾನುವಾರ ಬೆಳಗ್ಗೆ ಆಕೆ ಬಾಗಿಲು ತಟ್ಟಿ, ಅವನನ್ನು ಎಬ್ಬಿಸಿ, ಉದ್ದುದ್ದ ಎರಡು ಮರದ ಪಟ್ಟಿ ಕೈಗೆ ಕೊಟ್ಟಳು. ಅದನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಬೇಕು. ಸ್ಕೀ ಅಂತ ಅದರ ಹೆಸರು. ಟ್ರ್ಯಾಮ್ ಹತ್ತಿದರೆ ಇಡೀ ಊರೇ ಪಟ್ಟಿ ಹಿಡಿದು ನಿಂತಿತ್ತಂತೆ. ಗುಡ್ಡದ ಮೇಲಿನ ಕಾಡಿನಲ್ಲಿ ಇಳಿದದ್ದೇ ತಡ, ಎಲ್ಲರೂ ಒಂದೊಂದು ದಿಕ್ಕಿಗೆ ಹೊರಟರು. ಲಕ್ಕಣ್ಣನೂ ಹೊರಟ, ಬಿದ್ದ. ಎದ್ದ, ಬಿದ್ದ. ಎಪ್ಪತ್ತು ದಾಟಿದ ಮುದುಕಿ ಅವನನ್ನು ಎತ್ತಿ ಎತ್ತಿ ನಿಲ್ಲಿಸಿದಳು.

"ಎಲ್ಲಿಗೆ ಹೋಗ್ತಾ ಇದೀವಿ?" ಅಂತ ಕೇಳಿದ.

"ಎಲ್ಲಿಗೂ ಇಲ್ಲ."

"ಇದು ಯಾರ ಜಮೀನು?"

"ಯಾರದೋ. ಹಿಮ ಬಿದ್ದ ಮೇಲೆ ಯಾರ ಹೊಲದಲ್ಲಾದರೂ ನಡೀಬಹುದು. ಯಾರೂ ಕೇಳೋ ಹಾಗಿಲ್ಲ."

ಆಮೇಲೆ ಆಕೆ ಹಿಮದ ಮೇಲೇ ಕೂತು, ಚೀಲದಿಂದ ಎರಡು ಕಿತ್ತಳೆ ಹಣ್ಣು ತೆಗೆದು, ಅವನಿಗೊಂದು ಕೊಟ್ಟು, ಬಿಸಿಲಿಗೆ ಮುಖ ಒಡ್ಡಿದಳಂತೆ. ಆ ಕ್ಷಣ ತನಗೆ ಅಳು ಬಂತು ಎಂದು ಲಕ್ಕಣ್ಣ ನನ್ನೊಬ್ಬನಿಗೇ ಹೇಳಿದ್ದ. ಹುಟ್ಟಿದಾಗಿನಿಂದ ಅವನು ನೇಗಿಲ ಹಿಂದೆ ನಡೆದಿದ್ದ, ದನದ ಹಿಂದೆ ನಡೆದಿದ್ದ, ಅಪ್ಪನ ಹೆಣದ ಮುಂದೆ ನಡೆದಿದ್ದ. ಸುಮ್ಮನೆ ನಡೆದದ್ದು ಅದೇ ಮೊದಲು.

ಬೇಸಿಗೆಗೆ ವಾಪಸು ಬಂದ. ಊರಿಗೆ ಊರೇ ಟ್ರಂಕಿನ ಸುತ್ತ ಸೇರಿತು. ರೇಡಿಯೋ ಇಲ್ಲ, ವಾಚಿಲ್ಲ. ಹೊರಗೆ ಬಂದದ್ದು, ಹಿಮದಲ್ಲಿ ಊರಿಕೊಳ್ಳುವ ಎರಡು ಬಿದಿರು ಕೋಲು. ತುದಿಯಲ್ಲಿ ಹಿಮದಲ್ಲಿ ಹೂತುಹೋಗದಿರಲಿ ಅಂತ ಬಳೆಯಂಥ ಒಂದು ಚಕ್ರ. ಮುದುಕಿ ಪ್ರೀತಿಯಿಂದ ಕೊಟ್ಟಿದ್ದಂತೆ. ಅವನ ತಾಯಿ ಸುಬ್ಬಮ್ಮ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಬಿದ್ರು ತರಾಕೆ ಇಮಾನದಾಗೆ ಓಗ್ಬೇಕಾಗಿತ್ತೇನ್ಲಾ?"



ಆ ವರ್ಷ ರಾಗಿ ಕೊಯ್ಲಾಯಿತು. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ಹೊಲವೆಲ್ಲ ಬರೀ ಕೂಳೆ, ಬೆಳಗಿನ ಮಂಜು, ದೂರದಲ್ಲಿ ನಂದಿಬೆಟ್ಟ. ಇಷ್ಟು ಸಾಕು ಅಂದುಕೊಂಡ ಲಕ್ಕಣ್ಣ. ಶನಿವಾರ ರೈಲು ಇಳಿದವನು ಯಲಹಂಕದಲ್ಲಿ ಹಬೀಬುಲ್ಲಾನ ಹಣ್ಣಿನ ಗಾಡಿಯ ಮುಂದೆ ನಿಂತು ಎರಡು ಕಿತ್ತಳೆ ಕೇಳಿದ. ನಮ್ಮ ಕಡೆ ಕಿತ್ತಳೆ ಕೊಳ್ಳುವುದು ಆಸ್ಪತ್ರೆಗೆ ಹೋಗುವಾಗ ಮಾತ್ರ.

"ಯಾರಿಗೆ ಹುಷಾರಿಲ್ಲ, ಲಕ್ಕಣ್ಣ?" ಅಂತ ಹಬೀಬುಲ್ಲಾ ಮರುಕದಿಂದ ಕೇಳಿ, ಸಣ್ಣದೊಂದು ಹಣ್ಣು ಮೇಲೆ ಹಾಕಿ ಕೊಟ್ಟ.

ಮಾರನೆಯ ದಿನ ಲಕ್ಕಣ್ಣ ಎರಡೂ ಕೋಲು ಊರಿಕೊಂಡು ಹೊಲದ ಮೇಲೆ ಹೊರಟ. ಊರು ಸಹಿಸಿಕೊಂಡಿತು, ಊರಿಗೊಬ್ಬ ತಿಕ್ಕಲು ಇರುವುದು ಲಕ್ಷಣವೇ. ಎರಡು ವಾರ ಕಳೆದ ಮೇಲೆ ಪಟಾಲಮ್ಮನೂ ಜೊತೆಗೆ ಹೊರಟಳು. ಹಿಂದೆ ಅಲ್ಲ, ಪಕ್ಕದಲ್ಲಿ! ಗಂಡ ಒಂದು ಕೋಲು, ಹೆಂಡತಿ ಒಂದು ಕೋಲು. ಕೆರೆ ಆಚೆಯ ಬಂಡೆಯ ಮೇಲೆ ಕೂತು ಹಣ್ಣು ಸುಲಿದು ತಿಂದರು, ಮಾತಾಡಿದರು, ನಕ್ಕರು. ಮನೆಯಲ್ಲಿ ಅವರಿಬ್ಬರಿಗೆ ಇಲ್ಲದ ಒಂದು ಗಂಟೆ ಅಲ್ಲಿ ಸಿಕ್ಕಿತ್ತು. ಲಕ್ಕಣ್ಣನಿಗೆ ಬೇಕಾದದ್ದು ಇಷ್ಟೇ: ವಾರಕ್ಕೊಂದು ಗಂಟೆ. ಇದಕ್ಕಿಂತ ದೊಡ್ಡದನ್ನು ಕೇಳಿದ್ದರೆ ಊರು ಕೊಟ್ಟುಬಿಡುತ್ತಿತ್ತೋ ಏನೋ.

ಕೆರೆ ಪಕ್ಕದ ಹೊಲ ಶ್ರೀರಾಮಪ್ಪನವರದು. ಲಕ್ಕಣ್ಣನಿಗೆ ವರಸೆಯಲ್ಲಿ ಚಿಕ್ಕಪ್ಪ, ಅಂದರೆ ದಾಯಾದಿ. ಒಂದು ಸೋಮವಾರ ಅವರು ತಮ್ಮ ಹೊಲದ ಉದ್ದಕ್ಕೂ ಸಾಲಾಗಿ ಗುಂಡು ಗುಂಡನೆಯ ಗುರುತು ಬಿದ್ದಿರುವುದನ್ನು ಕಂಡರು. ಕೋಲಿನ ಚಕ್ರದ ಗುರುತು. ಅಂದು ರಾತ್ರಿ ಬೆಂಕಿಯ ಸುತ್ತ ಆಟ ಬಹಳ ಸೊಗಸಾಗಿ ನಡೆಯಿತು. ಕಾರ್ಖಾನೆಯವರಿಗಾಗಿ ಜಮೀನು ಅಳೆಯುತ್ತಿದ್ದಾನೆ ಅಂದರು ಕೆಲವರು. ಶ್ರೀರಾಮಪ್ಪನವರು ಹಾಗೆಲ್ಲ ಮೋಸಹೋಗುವವರಲ್ಲ.

"ದಾರಿ ಬೀಳಿಸ್ತಾವ್ನೆ ಕಣ್ರಲಾ. ಇವತ್ತು ಕಾಲು, ನಾಳೆ ಗಾಡಿ, ನಾಡಿದ್ದು ಕೋರ್ಟು. ಅವ್ನ್ ಕೆರೆ ತಾವಿನ ತುಂಡು ಜಮೀನಿಗೆ ನನ್ ಒಲದ್ ಮೇಲೆ ದಾರಿ!"

ಎಲ್ಲರಿಗೂ ಒಮ್ಮೆಗೇ ಜ್ಞಾನೋದಯವಾಯಿತು. ಬೇರೆಯವರ ಹೊಲದಲ್ಲಿ ವಾರವಾರ ತಪ್ಪದೆ ನಡೆಯುವವನು ಮತ್ತೇಕೆ ನಡೆಯುತ್ತಾನೆ? ನಡೆದು ನಡೆದು ಸವೆದದ್ದು ಒಂದು ದಿನ ದಾರಿಯಾಗುತ್ತದೆ, ಆಮೇಲೆ ಬ್ರಹ್ಮ ಬಂದರೂ ಮುಚ್ಚಲಾಗದು. ಹೆಂಡತಿಯನ್ನು ಕರೆದೊಯ್ಯುವುದು ಸಾಕ್ಷಿಗೆ.

ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಲಕ್ಕಣ್ಣ ಕೈಮುಗಿದು ನಿಂತ.

"ಚಿಕ್ಕಪ್ಪ, ನಂಗೆ ಯಾವ ದಾರೀನೂ ಬೇಡ. ಸುಮ್ನೆ ನಡೀತೀವಿ ಅಷ್ಟೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ... ಸುಮ್ನೆ. ಖುಷಿಗೆ."

ಕಟ್ಟೆಯ ಮೇಲೆ ನಗು ಎದ್ದಿತು. ಹೆಂಡತಿ ಜೊತೆ, ಕೂಳೆ ತುಳಿದುಕೊಂಡು, ಖುಷಿಗೆ! ಶ್ರೀರಾಮಪ್ಪನವರು ಮಾತ್ರ ನಗಲಿಲ್ಲ.

"ಬ್ಯಾಡ ಬ್ಯಾಡ ಅನ್ನೋನೇ ಎರಡು ತುತ್ತು ಜಾಸ್ತಿ ತಿನ್ನೋದು. ಫಾರಿನ್ನಿಗೆ ಓಗಿ ಬುದ್ಧಿ ಕಲ್ತ್ ಬಂದವ್ನೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಿರಿಯರು ತೀರ್ಮಾನ ಮಾಡಿದರು. ಊರ ಮುಂದಿನಿಂದ ಲಕ್ಕಣ್ಣನ ತುಂಡು ಜಮೀನಿನವರೆಗೆ, ಬದುವಿನ ಪಕ್ಕದಲ್ಲಿ, ಎರಡಡಿ ದಾರಿ. ಅದು ಅವನಿಗೆ ಶಾಶ್ವತ. ಆದರೆ ಇನ್ನು ಮೇಲೆ ಬೇರೆ ಯಾರ ಹೊಲಕ್ಕೂ ಅವನಾಗಲಿ ಅವನ ಹೆಂಡತಿಯಾಗಲಿ ಕಾಲಿಡಕೂಡದು. ಸುಬ್ಬಮ್ಮ ಸಂತೋಷದಿಂದ ಕಟ್ಟೆಗೆ ಕಾಯಿ ಒಡೆದರು. ಮಗ ಪೆದ್ದ ಅಂದುಕೊಂಡಿದ್ದೆ, ಎಂಥ ಕಿಲಾಡಿ ಅಂತ ಹಿಗ್ಗಿದರು. ಬೇಡವಾದ ದಾರಿ ಗೆದ್ದು, ಬೇಕಾದದ್ದನ್ನೆಲ್ಲ ಸೋತ ಲಕ್ಕಣ್ಣ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಆಸ್ಲೊದ ಕೋಲುಗಳಿಗೆ ಹಿತ್ತಲಲ್ಲಿ ಹಾಗಲಬಳ್ಳಿ ಹಬ್ಬಿತು.

ಕೆಲವು ಭಾನುವಾರ ಅವನು ಜಗಲಿಯಲ್ಲೇ ಕೂತ. ನೋಡಲಾಗುತ್ತಿರಲಿಲ್ಲ. ಸಿಕ್ಕಿದ ದಾರಿಯಲ್ಲೇ ನಡಿಯಪ್ಪ ಅಂತ ನಾನೂ ಹೇಳಿದೆ. ಆದರೆ ಅದು ನೇರ ಕಟ್ಟೆಯ ಮುಂದಿನಿಂದಲೇ ಹೋಗುತ್ತಿತ್ತು, ಊರಿನ ಕಣ್ಣೆಲ್ಲ ಅದರ ಮೇಲೆಯೇ. ಅಲ್ಲಿ ನಡೆಯುವ ಬದಲು ಮನೆಯೊಳಗೇ ಕೂತಿರಬಹುದಿತ್ತು.

ಕೊನೆಗೆ ಉಪಾಯ ಕಂಡದ್ದು ಪಟಾಲಮ್ಮನಿಗೆ. ಒಂದು ಭಾನುವಾರ ಅವಳು ಒಂದು ಮಂಕರಿ ತೆಗೆದುಕೊಂಡು, ಗೋಡೆಗೆ ಸಿಕ್ಕಿಸಿದ್ದ ಹಳೆಯ ಕುಡುಗೋಲನ್ನು ಗಂಡನ ಕೈಗಿಟ್ಟಳು.

"ಇದ್ನ ಇಡ್ಕೊಂಡು ಬನ್ನಿ. ಯಾರೂ ಏನೂ ಕೇಳಾಕಿಲ್ಲ."

ಯಾರೂ ಕೇಳಲಿಲ್ಲ! ಬದುವಿನ ಹುಲ್ಲು ಕೊಯ್ಯುವವರನ್ನು ನಮ್ಮೂರಲ್ಲಿ ಯಾರು ತಡೆಯುತ್ತಾರೆ? ಶ್ರೀರಾಮಪ್ಪನವರೇ ತಮ್ಮ ಹೊಲದಿಂದ ಕೂಗಿದರು: "ಬಾರ್ಲಾ, ಈ ಕಡೀಕೂ ಬಾ, ಬದಿನ ತಾವ ಉಲ್ಲು ಚೆನ್ನಾಗೈತೆ." ಖುಷಿಗೆ ನಡೆದವನು ಕಳ್ಳ, ಕುಡುಗೋಲು ಹಿಡಿದು ನಡೆದವನು ಸಂಸಾರಸ್ಥ. ಅಂದಿನಿಂದ ಗಂಡ ಹೆಂಡತಿ ಕಂಡಕಂಡವರ ಹೊಲದಲ್ಲೆಲ್ಲ ಓಡಾಡಿದರು. ಮಂಕರಿಯಲ್ಲಿ ತೋರಿಕೆಗೆ ಒಂದು ಹಿಡಿ ಹುಲ್ಲು, ಅದರಡಿಯಲ್ಲಿ ಕಿತ್ತಳೆ. ಬೆಂಕಿಯ ಸುತ್ತ ಲಕ್ಕಣ್ಣನಿಗೆ ಒಳ್ಳೆಯ ಹೆಸರೂ ಬಂತು: ಕಾರ್ಖಾನೆಯಲ್ಲಿ ದುಡಿದು ಬಂದು ಭಾನುವಾರವೂ ಹುಲ್ಲಿಗೆ ಹೋಗುತ್ತಾನೆ, ಪಾಪ. ಹೀಗೇ ಐದಾರು ಚಳಿಗಾಲ ಕಳೆಯಿತು.

ಒಂದು ಸಲ ಶ್ರೀರಾಮಪ್ಪನವರಿಗೆ ಕರುವಿಗೆ ಅವಸರವಾಗಿ ಹುಲ್ಲು ಬೇಕಾಗಿತ್ತು. ತಮ್ಮ ಕುಡುಗೋಲನ್ನು ಹಲ್ಲು ಹಾಕಿಸಲು ಕಮ್ಮಾರನಿಗೆ ಕೊಟ್ಟಿದ್ದರಿಂದ ಲಕ್ಕಣ್ಣನ ಮನೆಗೆ ಬಂದು, ಅವನಿಲ್ಲದಾಗ, ಕುಡುಗೋಲು ಮಂಕರಿ ಎರಡೂ ತೆಗೆದುಕೊಂಡು ಹೋದರು. ಬದುವಿನಲ್ಲಿ ಕೂತು ಎಳೆದರೆ ಹುಲ್ಲು ಬಾಗಿತೇ ಹೊರತು ತುಂಡಾಗಲಿಲ್ಲ. ಕುಡುಗೋಲು ತುದಿಯಿಂದ ಹಿಡಿಯವರೆಗೆ ತುಕ್ಕು. ಮಂಕರಿಯ ತಳದಲ್ಲಿ ಒಣಗಿದ ಕಿತ್ತಳೆ ಸಿಪ್ಪೆ.

ನಾನು ಅಲ್ಲೇ ಪಕ್ಕದ ತೋಟಕ್ಕೆ ನೀರು ಕಟ್ಟುತ್ತಿದ್ದೆ. ಮುದುಕರು ಸಿಪ್ಪೆ ಮೂಸಿ ನೋಡಿದರು. ಬಂಡೆಯ ಕಡೆ ನೋಡಿದರು. ಲಕ್ಕಣ್ಣನ ಕಥೆ ಮುಗಿಯಿತು, ಈ ರಾತ್ರಿ ಬೆಂಕಿಯ ಸುತ್ತ ಹಬ್ಬ ಅಂದುಕೊಂಡು ನಾನು ಕಂಗಾಲಾದೆ. ರಾತ್ರಿ ಅವರು ಬೆಂಕಿಯ ಹತ್ತಿರ ಬಂದು ಕೂತರು, ಮಳೆಯ ವಿಚಾರ ಮಾತಾಡಿದರು, ಎದ್ದು ಹೋದರು.

ಆ ಶನಿವಾರ ನಾನು ಯಲಹಂಕಕ್ಕೆ ಹೋಗಿದ್ದಾಗ ಹಬೀಬುಲ್ಲಾ ಆತಂಕದಿಂದ ಕೇಳಿದ: "ಶ್ರೀರಾಮಪ್ಪನವರ ಮನೇಲಿ ಯಾರಿಗೆ ಹುಷಾರಿಲ್ಲ? ಈಗ ತಾನೇ ಎರಡು ಕಿತ್ತಳೆ ತಗೊಂಡು ಹೋದ್ರು."

ಭಾನುವಾರ ಕೆರೆ ಏರಿಯ ಮೇಲೆ ಅವರು ಕಂಡರು. ಹೆಗಲ ಮೇಲೆ ಫಳಫಳ ಹೊಳೆಯುವ ಕುಡುಗೋಲು. ದೂರ ಹಿಂದೆ ಮಂಕರಿ ಹೊತ್ತು ಅವರ ಹೆಂಡತಿ ಮಾರಕ್ಕ. ಮದುವೆಯಾದಂದಿನಿಂದ ಆಕೆ ಹಾಗೇ ಹಿಂದೆ ಹಿಂದೆಯೇ ನಡೆದವರು, ಅವರು ಒಮ್ಮೆಯೂ ತಿರುಗಿ ನೋಡಿದವರಲ್ಲ. ಏರಿಯ ಮಧ್ಯದಲ್ಲಿ ಶ್ರೀರಾಮಪ್ಪನವರು ನಿಂತರು. ಮಾರಕ್ಕ ಗಾಬರಿಯಾಗಿ ತಾವೂ ಅಲ್ಲೇ ನಿಂತುಬಿಟ್ಟರು.

"ಏನಾಯ್ತು?" ಅಂತ ಕೂಗಿದರು.

"ಏನೂ ಇಲ್ಲ ಕಣೆ," ಅಂದರು ಮುದುಕರು. "ಸುಮ್ನೆ. ಬಾ ಪಕ್ಕಕ್ಕೆ."