ಗೋಪುರದ ನೆರಳಿಗೆ ಒಂದು ಛತ್ರಿ

ಒರೊಸಿಯಾಳಿಗೆ ದೇವರ ಮೇಲೆ ನಂಬಿಕೆ ಇತ್ತೋ ಇಲ್ಲವೋ, ಕೊಕ್ಕರೆಗಳ ಮೇಲಂತೂ ಪೂರಾ ಇತ್ತು. ಪ್ರತಿವರ್ಷ ಫೆಬ್ರವರಿಯ ಸಂತ ಬ್ಲಾಸನ ಹಬ್ಬದ ಹೊತ್ತಿಗೆ ಬಂದು ಅಲ್ಕುಬಿಯೆತ ಹಳ್ಳಿಯ ಚರ್ಚಿನ ಗಂಟೆಗೋಪುರದ ನೆತ್ತಿಯ ಮೇಲೆ ಇಳಿಯುವ ಆ ಜೋಡಿಯನ್ನು ಅವಳು ಕಾದಷ್ಟು ಕಟ್ಟಿಕೊಂಡ ಗಂಡನನ್ನೂ ಕಾದವಳಲ್ಲ. ಗಂಡ, ಪಾಪ, ರೊಟ್ಟಿ ಸುಡುವವನು, ಒಲೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಒಮ್ಮೆ ಹೋದವನು ನೇರ ಸ್ಮಶಾನಕ್ಕೇ ಹೋದ. ಆಮೇಲೆ ಅವಳಿಗೆ ಉಳಿದದ್ದು ಗೋಪುರದ ಬೀಗದ ಕೈ, ಕಾಲುವೆಯ ಕೊನೆಗೆ ಒಂದು ತುಂಡು ತೋಟ, ಮತ್ತು ಯಾರಿಗೂ ಸೋಲದ ಬಾಯಿ.

ಬೀಗದ ಕೈ ತವರಿನ ಆಸ್ತಿ. ಗೋಪುರದ ಬುಡಕ್ಕೆ ಅಂಟಿಕೊಂಡ ಮನೆಯಲ್ಲೇ ಹುಟ್ಟಿದವಳು, ಗಂಟೆ ಹೊಡೆಯುತ್ತಿದ್ದ ಅಪ್ಪನ ಹಿಂದೆ ಮೆಟ್ಟಿಲು ಹತ್ತಿ ಬೆಳೆದವಳು. ಗೋಡೆಯೊಳಗೊಂದು ಗೋಡೆ, ಎರಡರ ಸಂದಿಯಲ್ಲಿ ಸುತ್ತಿಕೊಂಡು ಏರುವ ಮೆಟ್ಟಿಲು. ಹೊರಗೆ ಇಟ್ಟಿಗೆಯನ್ನು ಜಡೆ ಹೆಣೆದ ಹಾಗೆ ಹೆಣೆದು ನಡುನಡುವೆ ಹಸಿರು ಬಿಳಿ ಬಿಲ್ಲೆ ಕೂರಿಸಿದ್ದಾರೆ. ಕಟ್ಟಿದವರು ಮುಸಲ್ಮಾನ ಮೇಸ್ತ್ರಿಗಳು, ಕಟ್ಟಿಸಿದವರು ಪಾದ್ರಿಗಳು. ಮೇಸ್ತ್ರಿಗಳು ತಮಗೆ ಗೊತ್ತಿದ್ದ ಮಿನಾರನ್ನೇ ಎಬ್ಬಿಸಿದರು, ಪಾದ್ರಿಗಳು ತುದಿಗೆ ಗಂಟೆ ತೂಗಿಹಾಕಿ ನಮ್ಮದು ಎಂದರು. ಮುಂದೆ ಒಬ್ಬ ರಾಜ ಆ ಮೇಸ್ತ್ರಿಗಳ ಮೊಮ್ಮಕ್ಕಳನ್ನು ದೇಶದಿಂದಲೇ ಅಟ್ಟಿದ. ಅವರು ಕಟ್ಟಿದ ಗೋಪುರದ ನೆರಳಲ್ಲಿ, ಅವರು ತೋಡಿದ ಕಾಲುವೆಯ ನೀರು ಕುಡಿದುಕೊಂಡು ಊರು ಮಾತ್ರ ಆರಾಮಾಗಿತ್ತು. ಇಂಥ ನಾಚಿಕೆಗೇಡು ಬೇರೊಂದಿಲ್ಲ, ಆದರೆ ನೀರು ಮಾತ್ರ ಸಿಹಿ.

ನೀರಿನ ಸರದಿಯ ಕಟ್ಟಳೆಯೂ ಅವರ ಕಾಲದ್ದೇ ಎಂದು ಊರಿನವರ ಮಾತು. ಬೇಸಿಗೆಯ ಗುರುವಾರ ಬೆಳಗ್ಗೆಯಿಂದ ನೀರು ಮೇಲಿನ ತೋಟದ ಬ್ರೌಲಿಯೋನದು. ಅವನು ಕಾಲುವೆಗೆ ಅಡ್ಡ ಹಲಗೆ ಇಳಿಸಿ ನೀರನ್ನು ತನ್ನ ಪಾತಿಗೆ ತಿರುಗಿಸಿಕೊಳ್ಳುತ್ತಾನೆ. ಮಧ್ಯಾಹ್ನ ಇಳಿಯುತ್ತ ಗೋಪುರದ ನೆರಳು ಉದ್ದವಾಗಿ, ಅದರ ತುದಿ ದಾರಿ ಬದಿಯ ಒಡೆದ ಬೀಸುಕಲ್ಲನ್ನು ಮುಟ್ಟಿದ ಕೂಡಲೇ ಹಲಗೆ ಎತ್ತಬೇಕು. ಅಲ್ಲಿಂದ ಸೂರ್ಯ ಮುಳುಗುವವರೆಗೆ ನೀರು ಒರೊಸಿಯಾಳದು. ಗಡಿಯಾರ ನೋಡಿ ನೀರು ಬಿಟ್ಟವರು ಆ ಊರಲ್ಲಿ ಇಲ್ಲ.

ಗೋಪುರದ ತುದಿ ಎಂದರೆ ಯಾವುದು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ನೆತ್ತಿಯ ಮೋಟುಗೋಡೆಯ ಮೇಲೆ ಕೊಕ್ಕರೆಗಳು ಗೂಡು ಕಟ್ಟಿದವು, ವರ್ಷ ವರ್ಷವೂ ಕಡ್ಡಿ ಪೇರಿಸಿದವು, ಗೂಡಿನ ನೆರಳೂ ಗೋಪುರದ ಲೆಕ್ಕಕ್ಕೇ ಸೇರಿತು. ತನಗೆ ನೀರು ಬರಬರುತ್ತಾ ಮುಂಚೆ ಬರುತ್ತಿದೆ ಎಂದು ಒರೊಸಿಯಾಳಿಗೆ ಒಂದು ಬೇಸಿಗೆಯಲ್ಲಿ ಹೊಳೆಯಿತು. ತಲೆಯೆತ್ತಿ ಗೂಡು ನೋಡಿದಳು. ಪಾಪದ ಹಕ್ಕಿಗಳು, ಎಷ್ಟೂಂತ ಹೊರುತ್ತವೆ ಎಂದು ಕರುಳು ಚುರುಕ್ಕೆಂದಿತು. ಅವತ್ತಿನಿಂದ ಗಂಟೆಗೆ ಎಣ್ಣೆ ಹಾಕುವ ನೆಪದಲ್ಲಿ ಮಡಿಲು ತುಂಬ ದ್ರಾಕ್ಷಿ ಬಳ್ಳಿಯ ಕಡ್ಡಿ ಹೊತ್ತುಕೊಂಡು ಮೇಲೇರತೊಡಗಿದಳು.

“ಏನೇ ಒರೊಸಿಯಾ, ಈ ಗೋಪುರ ಬೆಳೀತಾ ಇದ್ಯಾ ಹೇಗೆ?” ಎಂದು ಬ್ರೌಲಿಯೋ ಕೆಣಕುತ್ತಿದ್ದ.

“ಬೆಳೀದೇ ನಿನ್ನ ಹಾಗೆ ಕುಗ್ಗುತ್ತಾ? ಹಳೇ ಕಾಲದ ಗಾರೆ ಕಣಯ್ಯಾ, ಮಳೆ ಬಿದ್ದಾಗೆಲ್ಲ ಉಬ್ಬುತ್ತೆ!”

ಆದರೆ ಆಮೇಲಾಮೇಲೆ ನೀರು ಅಷ್ಟೇನೂ ಮುಂಚೆ ಬರಲಿಲ್ಲ. ಕಡ್ಡಿ ಸಾಲದು ಎಂದುಕೊಂಡು ಪೊರಕೆ ಹೊತ್ತಳು, ಕುರ್ಚಿಕಾಲು ಹೊತ್ತಳು, ಕೊನೆಗೆ ಸತ್ತ ಗಂಡನ ಊರುಗೋಲನ್ನೂ ಸಿಕ್ಕಿಸಿ ಬಂದಳು.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಗೋಪುರ ದುರಸ್ತಿಗೆಂದು ಸರಗೋಸ ಪಟ್ಟಣದಿಂದ ನಿಯೆವೆಸ್ ಎಂಬ ಹುಡುಗಿ ಬಂದಳು. ನಯವಾದ ಮಾತಿನವಳು, ಹಳೆಯ ಇಟ್ಟಿಗೆ ಕಂಡರೆ ಸವರಿ ನೋಡುವವಳು. ಗೂಡು ಎರಡು ಹೇಸರಗತ್ತೆಯ ಭಾರ ಇದೆ, ನೆತ್ತಿಯ ಗೋಡೆ ಬಿರಿಯುತ್ತಿದೆ ಎಂದು ಹೇಳಿ, ಕ್ರೇನ್ ತರಿಸಿ ಗೂಡನ್ನು ಇಳಿಸಿಯೇಬಿಟ್ಟಳು. ಹಕ್ಕಿಗಳಿಗೆ ಸ್ಮಶಾನದ ಬಳಿ ಕಬ್ಬಿಣದ ಕಂಬ ನೆಡಿಸಿದಳು. ಆ ವರ್ಷ ದುರಸ್ತಿಯ ಗದ್ದಲಕ್ಕೆ ಬೆದರಿ ಜೋಡಿ ಊರಿಗೆ ಇಳಿಯಲೇ ಇಲ್ಲ. ಅಂಗಳದಲ್ಲಿ ಗೂಡು ಬಿಚ್ಚಿಕೊಂಡಾಗ ಊರೇ ನೆರೆದಿತ್ತು. ಪೊರಕೆ ಬಂತು, ಕುರ್ಚಿಕಾಲು ಬಂತು.

“ಕೊಕ್ಕರೆ ಕುರ್ಚಿಕಾಲೂ ತರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದಳು ನಿಯೆವೆಸ್.

“ಅಷ್ಟು ದೂರದಿಂದ ಬಂದಿರ್ತಾವಲ್ಲಮ್ಮಾ, ಕೂತ್ಕೋಬೇಡ್ವಾ?” ಎಂದಳು ಒರೊಸಿಯಾ.

ಬ್ರೌಲಿಯೋ ಬಗ್ಗಿ ಊರುಗೋಲನ್ನು ಎತ್ತಿ, ಒರೆಸಿ, ಅವಳ ಕೈಗಿಟ್ಟ. “ತಗೋ, ನಿಮ್ಮನೆಯವ್ರದ್ದು. ಪಾಪ, ಸ್ವರ್ಗದ ಹತ್ತಿರ ಹತ್ತಿರ ಹೋಗಿದ್ರು.” ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒರೊಸಿಯಾಳ ಕಿವಿ ಕೆಂಪಾಯಿತು.

ನಗುವ ಕಾಲವಲ್ಲ ಅದು ಅವಳಿಗೆ. ಅವಳ ತೋಟದ ಗುಲಾಬಿ ಬಣ್ಣದ ಟೊಮೆಟೊ ತಾಯಿಯ ಕಾಲದಿಂದ ಬಂದದ್ದು. ಹಣ್ಣು ಕೈ ತುಂಬುವಷ್ಟು ದಪ್ಪ, ಸಿಪ್ಪೆ ಕಾಗದದಷ್ಟು ತೆಳು. ಕೇಳಿದವರಿಗೆಲ್ಲ ಕಾಯಿ ಕೊಟ್ಟಾಳು, ಬೀಜ ಮಾತ್ರ ಕೊಟ್ಟವಳಲ್ಲ. ಮಾರುವಾಗಲೂ ಬೀಜ ಬಲಿಯದ ಕಾಯಿಯನ್ನೇ ಮಾರುವ ಜಿಪುಣಿ. ಹಿಂದಿನ ವರ್ಷ ಆಲಿಕಲ್ಲು ಮಳೆ ಬಿದ್ದು ಹಣ್ಣೆಲ್ಲ ಜಜ್ಜಿಹೋಗಿತ್ತು. ಡಬ್ಬಿಯಲ್ಲಿ ಉಳಿದಿದ್ದ ಬೀಜವನ್ನು ಒಂದೂ ಬಿಡದೆ ಈ ಸಲ ಬಿತ್ತಿದ್ದಳು. ಈ ಗಿಡ ಒಣಗಿದರೆ ಅಮ್ಮನ ಬೀಜ ಭೂಮಿಯ ಮೇಲೆಯೇ ಇರುವುದಿಲ್ಲ.

ಬೇಸಿಗೆಯ ಮೊದಲ ಗುರುವಾರ ಗುದ್ದಲಿ ಹಿಡಿದು ಪಾತಿಯ ಬಳಿ ಕೂತಳು. ನೆರಳು ಬರಲಿಲ್ಲ. ಗೂಡಿಲ್ಲದ ಗೋಪುರ, ಸ್ವಲ್ಪ ತಡ ಸಹಜ ಎಂದುಕೊಂಡಳು. ಸ್ವಲ್ಪವಲ್ಲ, ಸೂರ್ಯ ಬೆಟ್ಟಕ್ಕೆ ತಾಗುವ ಹೊತ್ತಿಗೆ ನೆರಳು ಕಲ್ಲು ಮುಟ್ಟಿತು. ಬಂದ ನೀರು ಗಿಡದ ಬುಡ ನೆನೆಯುವಷ್ಟರಲ್ಲಿ ಸರದಿ ಮುಗಿದಿತ್ತು. ಗೂಡೇ ಇಲ್ಲದಿದ್ದ ಅಪ್ಪನ ಕಾಲದಲ್ಲೂ ಹೀಗಿರಲಿಲ್ಲವಲ್ಲ! ಎದ್ದು ಹೋಗಿ ನೋಡಿದಳು. ಅವಳು ಚಿಕ್ಕವಳಿದ್ದಾಗ ಬೀಸುಕಲ್ಲು ಅಂಜೂರದ ಮರದ ಈಚೆಗೆ, ಗೋಪುರದ ಕಡೆಗಿತ್ತು, ಅದರ ಮೇಲೆ ನಿಂತು ಹಣ್ಣು ಕೀಳುತ್ತಿದ್ದಳು. ಈಗ ಅದು ಮರವನ್ನು ದಾಟಿ ಬ್ರೌಲಿಯೋನ ಗೇಟಿನ ಹತ್ತಿರ ಹಾಯಾಗಿ ಮಲಗಿತ್ತು.

ಮೊದಲು ಸಿಟ್ಟು ಬಂತು, ಹಿಂದೆಯೇ ನಗು ಬಂತು. ಮೇಲೆ ಅವಳು ಒಂದು ಕಡ್ಡಿ ಏರಿಸಿದರೆ ಕೆಳಗೆ ಅವನು ಕಲ್ಲನ್ನು ಒಂದಿಷ್ಟು ಉರುಳಿಸಿದ್ದ. ಮಂಡಿ ಸವೆಸಿಕೊಂಡು ಅಷ್ಟು ವರ್ಷ ಹತ್ತಿ ಇಳಿದದ್ದಕ್ಕೆ ಒಂದು ಬಿಂದಿಗೆ ನೀರೂ ಹೆಚ್ಚು ಬಂದಿರಲಿಲ್ಲ.

“ಏನಯ್ಯಾ, ಕಲ್ಲಿಗೆ ಕಾಲು ಬಂತಾ?”

“ಗೋಪುರಕ್ಕೆ ಕುರ್ಚಿಕಾಲು ಬಂದ್ಮೇಲೆ ಕಲ್ಲಿಗೂ ಬರ್ಬೇಡ್ವಾ?” ಎಂದ ಬ್ರೌಲಿಯೋ, ಟೋಪಿ ಸರಿಮಾಡಿಕೊಂಡು.

“ವಾಪಸ್ ತಳ್ಳು!”

“ಸಭೇಲಿ ಕೇಳು, ತಳ್ತೀನಿ.”

ಸಭೆಯಲ್ಲಿ ಹೇಗೆ ಕೇಳುವುದು? ಕಲ್ಲಿನ ಮಾತೆತ್ತಿದರೆ ಗೂಡಿನ ಮಾತೂ ಏಳುತ್ತದೆ. ಚರ್ಚಿನ ಜಗಲಿಯ ಮೇಲೆ ನೀರಿನ ಪಾಲುದಾರರೆಲ್ಲ ಕೂತಿದ್ದಾಗ ಅವಳೂ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ. ಗುರುವಾರದ ಸರದಿ ಯಾಕೋ ಏರುಪೇರಾಗಿದೆಯಂತೆ ಎಂದು ಯಾರೋ ಎತ್ತಿದರು. ಪಕ್ಕದಲ್ಲಿ ಇಟ್ಟಿಗೆ ತೊಳೆಯುತ್ತಿದ್ದ ನಿಯೆವೆಸ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, “ಒಂದು ಗಡಿಯಾರ ಹಾಕಿಸಿದ್ರೆ ಆಯ್ತಲ್ವಾ?”

“ಬೇಡ!” ಎಂದು ಇಬ್ಬರೂ ಒಟ್ಟಿಗೇ ಕಿರುಚಿದರು.

ಸಭೆ ತಬ್ಬಿಬ್ಬಾಯಿತು. ಇಷ್ಟು ವರ್ಷದಲ್ಲಿ ಒರೊಸಿಯಾ ಮತ್ತು ಬ್ರೌಲಿಯೋ ಒಪ್ಪಿಕೊಂಡ ಮೊದಲ ಮಾತು ಅದು. ಗಡಿಯಾರದ ವಿಷಯ ಅಲ್ಲಿಗೇ ಬಿದ್ದುಹೋಯಿತು.

ಗಿಡಗಳು ಮಾತ್ರ ದಿನದಿನಕ್ಕೂ ತಲೆ ಬಾಗಿಸುತ್ತಿದ್ದವು. ಹೂವು ಉದುರಲು ಶುರುವಾದ ಗುರುವಾರ ಅವಳಿಗೆ ತಡೆಯಲಾಗಲಿಲ್ಲ. ಊರೆಲ್ಲ ಉಂಡು ಕಿಟಕಿ ಮುಚ್ಚಿ ಮಲಗಿದ್ದ ಹೊತ್ತಿನಲ್ಲಿ, ಗಂಡನ ಮಣ್ಣಿಗೆಂದು ಕೊಂಡಿದ್ದ ಕರಿ ಛತ್ರಿ ಕಂಕುಳಲ್ಲಿಟ್ಟುಕೊಂಡು ಗೋಪುರ ಹತ್ತಿದಳು. ಹೊಸ ಗಾರೆ ಬಳಿದ ಮೋಟುಗೋಡೆಯ ಮೇಲೆ, ಗೂಡಿದ್ದ ಜಾಗದಲ್ಲೇ, ಎದ್ದು ನಿಂತು ಛತ್ರಿ ಬಿಚ್ಚಿ ತಲೆಯ ಮೇಲಕ್ಕೆ ಹಿಡಿದಳು. ಕೆಳಗೆ ಬೀಸುಕಲ್ಲಿನ ಪಕ್ಕ ತೂಕಡಿಸುತ್ತಿದ್ದ ಬ್ರೌಲಿಯೋ ಕಣ್ಣು ಬಿಟ್ಟಾಗ, ಗೋಪುರದ ನೆರಳಿಗೆ ಲಂಗ ಬಂದಿತ್ತು, ಕೈ ಬಂದಿತ್ತು, ಛತ್ರಿ ಬಂದಿತ್ತು.

“ಅಯ್ಯಯ್ಯೋ! ಇಳಿಯೇ ಹುಚ್ಚೀ! ಬಿದ್ದು ಸತ್ತೀಯ!”

“ನೆರಳು ಮುಟ್ತಾ?”

“ಇಲ್ಲ!”

“ಹಾಗಾದ್ರೆ ಇಳಿಯಲ್ಲ!”

ಗಾಳಿಗೆ ಛತ್ರಿ ಎಳೆಯಿತು. ಹೆದರಿಕೆ ಆಗಲಿಲ್ಲ ಎಂದು ಮುಂದೆ ಊರೆಲ್ಲ ಹೇಳಿಕೊಂಡು ತಿರುಗಿದಳು, ಅದು ಸುಳ್ಳು. ಬದುಕಿನಲ್ಲಿ ಅಷ್ಟು ಹೆದರಿದ್ದು ಅವತ್ತೇ. ಆದರೂ ತುದಿಗಾಲಲ್ಲಿ ನಿಂತಳು. ಮೇಲಿನಿಂದ ಬೆರಳಷ್ಟಾಗಿ ಕಾಣುತ್ತಿದ್ದ ಬ್ರೌಲಿಯೋ ಮೇಲೆ ನೋಡಿದ, ನೆರಳು ನೋಡಿದ, ಅತ್ತಿತ್ತ ನೋಡಿದ. ಆಮೇಲೆ ಎರಡೂ ಕೈ ಹಚ್ಚಿ ಕಲ್ಲನ್ನು ಉರುಳಿಸಿದ. ಅಂಜೂರದ ಮರ ದಾಟಿಸಿ ಈಚೆಗೆ ತಂದು, ಛತ್ರಿಯ ನೆರಳಿನ ನಟ್ಟನಡುವೆ ಇಟ್ಟ.

“ಮುಟ್ತು! ಮುಟ್ತು ಕಣೇ, ಇಳಿ ಇನ್ನು!” ಎಂದು ಕೂಗಿ ಹಲಗೆ ಎತ್ತಿದ. ನೀರು ಹೊಳೆಯುತ್ತಾ ಅವಳ ತೋಟದ ಕಡೆ ಓಡಿತು.

ಆ ಆಗಸ್ಟಿನಲ್ಲಿ ಅವಳು ಒಂದು ಹಣ್ಣು ಹಿಡಿದುಕೊಂಡು ಬ್ರೌಲಿಯೋನ ಗೇಟಿಗೆ ಹೋದಳು. ಕಾಯಲ್ಲ, ರಸ ಸೋರುವ ಹಣ್ಣು.

“ಬೀಜ ತೆಗೆದು ಒಣಗಿಸ್ಕೋ. ನನ್ನದು ಒಣಗಿದ್ರೆ ನಿನ್ನ ಹತ್ರ ಇರುತ್ತೆ.”

ಬ್ರೌಲಿಯೋ ಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಟೋಪಿ ತೆಗೆದು ಅದನ್ನು ಅದರೊಳಗೆ ಮೆಲ್ಲಗೆ ಕೂರಿಸಿದ. ಅದನ್ನು ಕಂಡು ಅವಳು ಬೇಗ ಬೇಗ ಮನೆಗೆ ಬಂದಳು.

ಮುಂದಿನ ಸಂತ ಬ್ಲಾಸನ ಹಬ್ಬಕ್ಕೆ ಕೊಕ್ಕರೆಗಳು ಬಂದವು. ಕಬ್ಬಿಣದ ಕಂಬವನ್ನು ಕಣ್ಣೆತ್ತಿಯೂ ನೋಡದೆ ನೇರ ಗೋಪುರಕ್ಕೇ ಇಳಿದು, ಮೋಟುಗೋಡೆಯ ಮೇಲೆ ಮೊದಲ ಕಡ್ಡಿ ಇಟ್ಟವು. ಮರುದಿನ ಒರೊಸಿಯಾ ಬಾಗಿಲು ತೆರೆದರೆ ಹೊಸ್ತಿಲಲ್ಲಿ ದ್ರಾಕ್ಷಿ ಬಳ್ಳಿಯ ಕಡ್ಡಿಗಳ ಒಂದು ಕಟ್ಟು ಇತ್ತು. ಕಟ್ಟಿದ ಗಂಟು ಬ್ರೌಲಿಯೋನದೇ ಎಂದು ನೋಡಿದೊಡನೆ ಗೊತ್ತಾಯಿತು.

ಅವಳು ಅದನ್ನು ಮಡಿಲಿಗೆ ಸುರಿದುಕೊಂಡು ಮೆಟ್ಟಿಲು ಹತ್ತಿದಳು. ಮೇಲಿನಿಂದ ಇಣುಕಿ ನೋಡಿದರೆ, ಬೀಸುಕಲ್ಲು ಆಗಲೇ ಅಂಜೂರದ ಮರದ ಆಚೆಗೆ ಹೋಗಿ ಕೂತಿತ್ತು.